ಮಕ್ಕಳಿಗೆ ಲಸಿಕೆ ಹಾಕುವ ಅಧಿಕಾರ: ಅಮೆರಿಕದ ಫಾರ್ಮಸಿಸ್ಟರಿಗೆ ಸಿಕ್ಕಿದ್ದೆಷ್ಟು, ಉಳಿದಿದ್ದೆಷ್ಟು

2020ರ ಆಗಸ್ಟ್ 19ರಂದು ಅಮೆರಿಕದ ಆರೋಗ್ಯ ಇಲಾಖೆಯ ಮುಖ್ಯಸ್ಥ ಅಲೆಕ್ಸ್ ಅಜಾರ್ ಒಂದು ಆದೇಶ ಹೊರಡಿಸಿದರು. ಮಗುವಿಗೆ 3 ವರ್ಷ ತುಂಬಿದ್ದರೆ ಸಾಕು, ಅಲ್ಲಿಂದ 18ರವರೆಗೆ ದೇಶದ ಯಾವ ರಾಜ್ಯದಲ್ಲೇ ಆಗಲಿ, ಪರವಾನಗಿ ಪಡೆದ ಫಾರ್ಮಸಿಸ್ಟ್ ವೈದ್ಯರ ಚೀಟಿ ಇಲ್ಲದೆಯೇ ಲಸಿಕೆ ನಿರ್ಧರಿಸಿ ತಾನೇ ಚುಚ್ಚಬಹುದು ಎಂಬುದು ಅದರ ತಿರುಳು. ಕೋವಿಡ್ ಲಸಿಕೆ ಆಗಿನ್ನೂ ಬಂದಿರಲಿಲ್ಲ. ಆದೇಶದ ಕಣ್ಣಿದ್ದದ್ದು ದಡಾರ, ನಾಯಿಕೆಮ್ಮು, ಪೋಲಿಯೊ, ಫ್ಲೂ ಮುಂತಾದ ಹಳೆಯ ಕಾಯಿಲೆಗಳ ಲಸಿಕೆಗಳ ಮೇಲೆ. ಆಸ್ಪತ್ರೆಗೆ ಹೋದರೆ ಎಲ್ಲಿ ಸೋಂಕು ಅಂಟುತ್ತದೋ ಎಂದು ಹೆದರಿದ ತಂದೆತಾಯಿಯರು ಮಕ್ಕಳನ್ನು ಮನೆಯಲ್ಲೇ ಉಳಿಸಿಕೊಂಡಿದ್ದರು. ಮಿಷಿಗನ್ ರಾಜ್ಯದಲ್ಲಿ 5 ತಿಂಗಳ ಕೂಸುಗಳ ಪೈಕಿ ಆ ವಯಸ್ಸಿಗೆ ಆಗಬೇಕಾದ ಲಸಿಕೆಗಳೆಲ್ಲ ಆಗಿದ್ದವರು ಹಿಂದಿನ ವರ್ಷಗಳಲ್ಲಿ ಮೂರನೇ ಎರಡು ಪಾಲಿನಷ್ಟಿದ್ದರೆ, 2020ರ ಮೇ ತಿಂಗಳಲ್ಲಿ ಅರ್ಧಕ್ಕಿಂತ ಕೆಳಗಿಳಿದಿತ್ತು.

ಇಲ್ಲೊಂದು ಮಾತನ್ನು ಗಮನಿಸಬೇಕು. ಎದೆ ಒಡೆಯುವಂಥ ಈ ಅಂಕಿ ಹಸುಗೂಸುಗಳದ್ದು, ಆದೇಶ ಅನ್ವಯವಾದದ್ದು 3 ದಾಟಿದ ಮಕ್ಕಳಿಗೆ. ಅಂದರೆ ಯಾರ ನೆಪದಲ್ಲಿ ಆದೇಶ ಬಂತೋ ಅವರಿಗೇ ಅದು ಮುಟ್ಟಲಿಲ್ಲ. ಹಾಗೆಂದು ಆದೇಶವೇ ತಪ್ಪು ಎನ್ನಲಾಗದು. ಆದರೆ ಫಾರ್ಮಸಿಸ್ಟರ ಅಧಿಕಾರದ ಚರ್ಚೆಯಲ್ಲಿ ಯಾವ ವಯಸ್ಸಿನ ಮಗು, ಯಾವ ಲಸಿಕೆ, ಯಾವ ಕಾನೂನು ಎಂದು ಬಿಡಿಸಿ ನೋಡದಿದ್ದರೆ ಹೀಗೆ ಒಂದರ ಸಾಕ್ಷಿ ಇನ್ನೊಂದರ ಪರವಾಗಿ ನಿಂತುಬಿಡುತ್ತದೆ.

ಅಮೆರಿಕದಲ್ಲಿ ವೈದ್ಯರು, ನರ್ಸುಗಳು, ಫಾರ್ಮಸಿಸ್ಟರು ಎಲ್ಲರಿಗೂ ಪರವಾನಗಿ ಕೊಡುವುದು ರಾಜ್ಯಗಳು. ಯಾರು ಸೂಜಿ ಹಿಡಿಯಬಹುದು ಎಂದು ಹೇಳುವುದೂ ರಾಜ್ಯದ ಕಾನೂನೇ. 1994ರಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ ಫಾರ್ಮಸಿಸ್ಟರಿಗೆ ಲಸಿಕೆ ಹಾಕುವ ವ್ಯವಸ್ಥಿತ ತರಬೇತಿ ಶುರುವಾಯಿತು. ಎರಡು ವರ್ಷದ ಬಳಿಕ ಅಮೆರಿಕದ ಫಾರ್ಮಸಿಸ್ಟರ ಸಂಘ ಅದನ್ನು ರಾಷ್ಟ್ರಮಟ್ಟದ ಕೋರ್ಸ್ ಆಗಿ ರೂಪಿಸಿತು. 2009ರಲ್ಲಿ ಮೇನ್ ರಾಜ್ಯವೂ ಒಪ್ಪುವುದರೊಂದಿಗೆ 50 ರಾಜ್ಯಗಳೂ ಫಾರ್ಮಸಿಸ್ಟರಿಗೆ ಒಂದಲ್ಲ ಒಂದು ಬಗೆಯಲ್ಲಿ ಲಸಿಕೆ ಹಾಕಲು ಬಿಟ್ಟಂತಾಯಿತು. 2018–19ರ ಹೊತ್ತಿಗೆ, ಫ್ಲೂ ಲಸಿಕೆ ಪಡೆದ ವಯಸ್ಕರಲ್ಲಿ ಸುಮಾರು ಮೂರನೇ ಒಂದು ಪಾಲು ಜನ ಅದನ್ನು ಪಡೆದದ್ದು ಔಷಧಿ ಅಂಗಡಿಯಲ್ಲಿ.

ದೊಡ್ಡವರ ವಿಷಯದಲ್ಲಿ ಹೀಗೆ ಸಲೀಸಾಗಿ ಸಾಗಿದ ಕೆಲಸ ಮಕ್ಕಳ ವಿಷಯಕ್ಕೆ ಬಂದಾಗ ರಾಜ್ಯಕ್ಕೊಂದು ದಾರಿ ಹಿಡಿಯಿತು. ಕೆಲವೆಡೆ 18ರ ಕೆಳಗಿನವರನ್ನು ಮುಟ್ಟುವಂತಿರಲಿಲ್ಲ. ಕೆಲವೆಡೆ ಮಗುವಿನ ಹೆಸರಿಗೇ ಬರೆದ ವೈದ್ಯರ ಚೀಟಿ ಬೇಕು. ಇನ್ನು ಕೆಲವೆಡೆ ಒಬ್ಬ ವೈದ್ಯರೊಂದಿಗೆ ಲಿಖಿತ ಒಪ್ಪಂದ ಮಾಡಿಕೊಂಡು ಅದರಡಿ ಎಲ್ಲರಿಗೂ ಹಾಕಬಹುದು. ನ್ಯೂಯಾರ್ಕಿನಲ್ಲಿ 2018ರ ಜನವರಿಯಲ್ಲಿ ಫ್ಲೂ ಜೋರಾಗಿ ಮಕ್ಕಳು ಸತ್ತಾಗ ಗವರ್ನರ್ ಆಂಡ್ರೂ ಕ್ವೊಮೊ ತುರ್ತು ಆದೇಶದ ಮೂಲಕ 2ರಿಂದ 18 ವರ್ಷದವರಿಗೆ ಫ್ಲೂ ಲಸಿಕೆ ಹಾಕಲು ಫಾರ್ಮಸಿಸ್ಟರಿಗೆ ಅನುಮತಿ ಕೊಟ್ಟರು. ಆಮೇಲೆ ಅದೇ ಕಾನೂನಾಯಿತು. ಕ್ಯಾಲಿಫೋರ್ನಿಯಾ ಅದಕ್ಕೂ ಮೊದಲೇ, 2013ರಲ್ಲಿ ಅಂಗೀಕರಿಸಿದ ಕಾನೂನಿನಲ್ಲಿ, ತರಬೇತಿ ಪಡೆದ ಫಾರ್ಮಸಿಸ್ಟ್ 3 ವರ್ಷ ದಾಟಿದ ಮಗುವಿಗೆ ನಿಗದಿತ ಲಸಿಕೆಗಳನ್ನು ಸ್ವತಂತ್ರವಾಗಿ ಹಾಕಬಹುದು ಎಂದು ಬರೆದಿಟ್ಟಿತ್ತು. ಯಾವ ಮಹಾಮಾರಿಯ ಒತ್ತಡವೂ ಇಲ್ಲದೆ, ಶಾಸನಸಭೆಯಲ್ಲಿ ಚರ್ಚೆಯಾಗಿ ಬಂದ ಕಾನೂನು ಅದು. ಈ ಇಡೀ ಪ್ರಶ್ನೆಯಲ್ಲಿ ನನಗೆ ಮಾದರಿಯಾಗಿ ಕಾಣುವುದು ಅದೇ.

ಬೆಂಗಳೂರಿನಿಂದ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆ ಕಡೆಗೆ ಕೆಲಸದ ಮೇಲೆ ಹೋಗುವ ಕನ್ನಡದ ಕುಟುಂಬಗಳಿಗೂ ಈ ಕಾನೂನು ದೂರದ ಮಾತಲ್ಲ. ನಮ್ಮ ತಾಯಿ ಕಾರ್ಡಿನಲ್ಲಿ ದಡಾರ–ರುಬೆಲ್ಲಾ ಲಸಿಕೆಯ ಮೊದಲ ಡೋಸ್ 9 ತಿಂಗಳಿಗೆ, ಎರಡನೆಯದು ಮಗುವಿಗೆ 16 ತಿಂಗಳು ತುಂಬಿದ ನಂತರ. ಅಮೆರಿಕದಲ್ಲಿ ಮೊದಲ ಹುಟ್ಟುಹಬ್ಬಕ್ಕೆ ಮುಂಚೆ ಹಾಕಿಸಿದ ದಡಾರ ಲಸಿಕೆಯನ್ನು ಶಾಲೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಮ್ಮ ಸರ್ಕಾರಿ ಲಸಿಕೆಯಲ್ಲಿ ಮಂಗನಬಾವಿನ ಅಂಶವಿಲ್ಲ, ಚಿಕನ್‌ಪಾಕ್ಸ್ ಲಸಿಕೆ ಪಟ್ಟಿಯಲ್ಲೇ ಇಲ್ಲ. ಹಾಗಾಗಿ ಇಲ್ಲಿ ಒಂದೂ ಬಿಡದೆ ಹಾಕಿಸಿಕೊಂಡ ಐದು ವರ್ಷದ ಮಗು ಅಲ್ಲಿನ ಶಾಲೆಯ ಕಣ್ಣಿಗೆ ಅರ್ಧಂಬರ್ಧ ಲಸಿಕೆಯಾದ ಮಗು. ಹೊಸ ಊರಿನಲ್ಲಿ ಮಕ್ಕಳ ವೈದ್ಯರ ಅಪಾಯಿಂಟ್‌ಮೆಂಟ್ ಬೇಗ ಸಿಗದೆ, ಶಾಲೆ ಶುರುವಾಗುವ ದಿನ ಹತ್ತಿರ ಬಂದಾಗ, ಮನೆಯ ಹತ್ತಿರದ ಫಾರ್ಮಸಿಗೆ ಈ ಕೆಲಸ ಮಾಡುವ ಅಧಿಕಾರ ಇದೆಯೋ ಇಲ್ಲವೋ ಎಂಬುದು ಮಗುವಿನ ಶಾಲೆಯ ಪ್ರಶ್ನೆಯಾಗಿಬಿಡುತ್ತದೆ.

2020ರ ಆದೇಶ ಕೊಟ್ಟ ಅಧಿಕಾರ ಬರಿಗೈಯದ್ದಾಗಿರಲಿಲ್ಲ. ಕನಿಷ್ಠ 20 ಗಂಟೆಗಳ ಮಾನ್ಯತೆ ಪಡೆದ ತರಬೇತಿ, ಅದರಲ್ಲಿ ಸೂಜಿ ಹಾಕುವ ಪ್ರತ್ಯಕ್ಷ ಅಭ್ಯಾಸ, ಯಾರಿಗೆ ಹಾಕಬಾರದು ಎಂಬ ಪರಿಜ್ಞಾನ, ಅಲರ್ಜಿಯಂಥ ತುರ್ತುಸ್ಥಿತಿಯ ಚಿಕಿತ್ಸೆ, ಸಿಪಿಆರ್ ಪ್ರಮಾಣಪತ್ರ ಇವೆಲ್ಲ ಬೇಕು. ಹಾಕಿದ ಲಸಿಕೆಯ ವಿವರವನ್ನು ರಾಜ್ಯದ ಲಸಿಕಾ ದಾಖಲೆಗೆ ಸೇರಿಸಬೇಕು, ಮಗುವಿನ ವೈದ್ಯರಿಗೂ ತಿಳಿಸಬೇಕು. ಮಗುವನ್ನು ಮಕ್ಕಳ ವೈದ್ಯರಲ್ಲಿ ನಿಯಮಿತ ತಪಾಸಣೆಗೆ ಕರೆದೊಯ್ಯಬೇಕೆಂದು ತಂದೆತಾಯಿಗೆ ಹೇಳಬೇಕು ಎಂಬ ಷರತ್ತೂ ಇತ್ತು.

3 ವರ್ಷ ಎಂಬ ಗೆರೆಗೆ ಶರೀರದಲ್ಲೇ ಒಂದು ಕಾರಣವಿದೆ. ಅದಕ್ಕಿಂತ ಚಿಕ್ಕ ಮಗುವಿಗೆ ಸ್ನಾಯುವಿಗೆ ಹೋಗುವ ಲಸಿಕೆಯನ್ನು ಸಾಮಾನ್ಯವಾಗಿ ತೊಡೆಯ ಹೊರಮಗ್ಗುಲಿಗೆ ಹಾಕುತ್ತಾರೆ. ತೋಳಿನಲ್ಲಿ ಇನ್ನೂ ಸಾಕಷ್ಟು ಮಾಂಸ ತುಂಬಿರುವುದಿಲ್ಲ. 3 ದಾಟಿದ ಮೇಲೆ ದೊಡ್ಡವರಂತೆ ತೋಳಿಗೇ ಹಾಕಬಹುದು. ಆದರೂ ದೊಡ್ಡವರ ತೋಳಿಗೂ ನಾಲ್ಕು ವರ್ಷದ ಮಗುವಿನ ತೋಳಿಗೂ ಬಹಳ ಅಂತರ. ಸೂಜಿಯ ಉದ್ದ ಮುಕ್ಕಾಲಂಗುಲದ ಆಸುಪಾಸು, ಹೆಚ್ಚೆಂದರೆ ಒಂದಂಗುಲ. ಮಗುವನ್ನು ತಾಯಿ ತೊಡೆಯ ಮೇಲೆ ಎದೆಗೆ ಎದೆ ತಾಗುವಂತೆ ಕೂರಿಸಿಕೊಂಡು, ಅದರ ಒಂದು ಕೈಯನ್ನು ತನ್ನ ಕಂಕುಳ ಕೆಳಗೆ ಸೇರಿಸಿ, ಕಾಲುಗಳನ್ನು ತನ್ನ ತೊಡೆಗಳ ನಡುವೆ ಹಿಡಿದು, ಉಳಿದ ತೋಳನ್ನು ಒಂದು ಕೈಯಲ್ಲಿ ಅಲುಗದಂತೆ ಹಿಡಿಯಬೇಕು. ಮಗು ಕೊಸರಾಡಿ ಸೂಜಿ ಜಾರಿದರೆ ಅರ್ಧ ಔಷಧಿ ಹೊರಗೆ, ಅರ್ಧ ಒಳಗೆ. ಭುಜದ ಮೂಳೆಗೆ ತೀರ ಹತ್ತಿರ ಮೇಲಕ್ಕೆ ಚುಚ್ಚಿದರೆ ಭುಜದ ಕೀಲಿಗೇ ಗಾಯವಾಗಬಹುದು. ಈ ಗಾಯವನ್ನು ಅಮೆರಿಕದ ಲಸಿಕಾ ಪರಿಹಾರ ಪಟ್ಟಿಯಲ್ಲಿ 2017ರಲ್ಲಿ ಸೇರಿಸಲಾಯಿತು. ಹದಿಹರೆಯದವರದ್ದು ಬೇರೆ ತೊಂದರೆ: ಕೆಲವರು ಸೂಜಿ ಹಾಕಿದ ಮೇಲೆ ತಲೆಸುತ್ತಿ ಬೀಳುತ್ತಾರೆ, ಅದಕ್ಕಾಗಿ ಕಾಲು ಗಂಟೆ ಕೂರಿಸಬೇಕು. ಜೀವಕ್ಕೆ ಕುತ್ತು ತರುವ ತೀವ್ರ ಅಲರ್ಜಿ ಅತಿ ಅಪರೂಪ, ಹತ್ತು ಲಕ್ಷ ಡೋಸಿಗೆ ಒಂದರ ಆಸುಪಾಸು. ಅಪರೂಪವೆಂಬ ಕಾರಣಕ್ಕೇ ಅಡ್ರಿನಲಿನ್ ಕೈಗೆಟುಕುವಂತೆ ಇಟ್ಟುಕೊಳ್ಳುವ ಶಿಸ್ತು ಮರೆತುಹೋಗುವ ಅಪಾಯವೂ ಇದೆ.

ಆದೇಶ ಬಂದ ಕೂಡಲೇ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಬಲವಾಗಿ ವಿರೋಧಿಸಿತು. ತಮ್ಮ ಕ್ಲಿನಿಕ್ಕುಗಳು ತೆರೆದೇ ಇವೆ, ಅಲ್ಲಿಗೇ ಮಕ್ಕಳನ್ನು ಕರೆತರಿ ಎನ್ನಬೇಕಾದ ಸರ್ಕಾರ ಅಂಗಡಿಯ ದಾರಿ ತೋರಿಸುತ್ತಿದೆ ಎಂಬುದು ಅದರ ಕೊರಗು. ಇದನ್ನು ಬರೀ ವ್ಯಾಪಾರದ ಹೊಟ್ಟೆಕಿಚ್ಚು ಎಂದು ತಳ್ಳಿಹಾಕುವವರಿದ್ದಾರೆ. ನಾನು ಹಾಗೆ ನೋಡಲಾರೆ. ಲಸಿಕೆಗೆಂದು ಬಂದ ಮಗುವಿನ ತೂಕ, ಎತ್ತರ, ಮಾತು, ನಡಿಗೆ, ಕಣ್ಣು, ಕಿವಿ ಎಲ್ಲವನ್ನೂ ವೈದ್ಯರು ನೋಡುತ್ತಾರೆ. ಎರಡು ವರ್ಷಕ್ಕೂ ಮಾತು ಬಾರದ ಮಗು, ರಕ್ತಹೀನತೆಯ ಮಗು, ಮನೆಯಲ್ಲಿ ಏಟು ತಿನ್ನುತ್ತಿರುವ ಮಗು, ಇವರೆಲ್ಲ ಕಣ್ಣಿಗೆ ಬೀಳುವುದು ಲಸಿಕೆಯ ನೆಪದಲ್ಲೇ. ಆ ನೆಪವನ್ನು ಕಿತ್ತುಕೊಂಡರೆ ತಪಾಸಣೆಯೂ ತಪ್ಪಿಹೋಗಬಹುದು. ಆದರೆ ಈ ವಾದಕ್ಕೆ ಪೂರ್ಣ ಬಲವಿರುವುದು ಮೊದಲ ಎರಡು ಮೂರು ವರ್ಷಗಳಲ್ಲಿ, ಭೇಟಿಗಳು ಒಂದರ ಹಿಂದೊಂದು ಬರುವ ಕಾಲದಲ್ಲಿ. ಹದಿಮೂರರ ಹುಡುಗಿಯ ಎರಡನೇ ಎಚ್‌ಪಿವಿ ಡೋಸಿಗೆ, ಏಳರ ಹುಡುಗನ ವಾರ್ಷಿಕ ಫ್ಲೂ ಲಸಿಕೆಗೆ ಅದೇ ವಾದ ಹಿಡಿದು ಕೂತರೆ ಬಿಟ್ಟುಹೋಗುವುದು ತಪಾಸಣೆಯಲ್ಲ, ಲಸಿಕೆ.

ವೈದ್ಯರಲ್ಲದವರು ಮಕ್ಕಳಿಗೆ ಸೂಜಿ ಹಾಕುವುದೇ ಅಪಾಯ ಎನ್ನುವ ಮಾತಿಗಂತೂ ಕರ್ನಾಟಕದಲ್ಲಿ ಬೆಳೆದ ಯಾರೂ ಸುಲಭಕ್ಕೆ ತಲೆಯಾಡಿಸಲಾರರು. 1985ರಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಶುರುವಾದಾಗಿನಿಂದ ನಮ್ಮ ಹಳ್ಳಿಗಳ ಕೂಸುಗಳಿಗೆ ಸೂಜಿ ಹಾಕಿದವರು ಎಎನ್‌ಎಂಗಳು. ಅಂಗನವಾಡಿಯ ಜಗುಲಿಯ ಮೇಲೆ, ಐಸ್‌ಪ್ಯಾಕ್ ತುಂಬಿದ ವ್ಯಾಕ್ಸಿನ್ ಕ್ಯಾರಿಯರ್ ಪಕ್ಕದಲ್ಲಿಟ್ಟುಕೊಂಡು, ಆಶಾ ಕಾರ್ಯಕರ್ತೆ ಕರೆತಂದ ತಾಯಂದಿರ ಸಾಲಿನ ಮುಂದೆ ಕೂತು ಆರು ವಾರದ ಕೂಸಿನ ತೊಡೆಗೆ ಸೂಜಿ ಹಾಕುವ ಸಿಸ್ಟರ್ ಅನ್ನು ನೋಡದ ತಾಯಿ ಹಳ್ಳಿಯಲ್ಲಿ ಸಿಗುವುದು ಕಷ್ಟ. ಅಲರ್ಜಿಯಾದರೆ ಒಂದು ಡೋಸ್ ಅಡ್ರಿನಲಿನ್ ಕೊಡುವ ಅನುಮತಿಯೂ ಆಕೆಗಿದೆ. ಆಕೆಯ ಹಿಂದೆ ನಿಂತಿರುವುದು ವೈದ್ಯ ಪದವಿಯಲ್ಲ: ತರಬೇತಿ, ಬರೆದಿಟ್ಟ ನಿಯಮ, ಮೇಲ್ವಿಚಾರಣೆ ಮತ್ತು ಉಚಿತ ಲಸಿಕೆ. ನಮ್ಮ ಮೆಡಿಕಲ್ ಶಾಪಿನ ಫಾರ್ಮಸಿಸ್ಟರಿಗೆ ಮಾತ್ರ ಅಂಥ ಪಾತ್ರವಿಲ್ಲ. 1948ರ ಫಾರ್ಮಸಿ ಕಾಯ್ದೆಯ ಅಡಿಯಲ್ಲಿ ಬಂದ 2015ರ ವೃತ್ತಿ ನಿಯಮಗಳು ರೋಗಿಗೆ ಔಷಧಿಯ ಬಗ್ಗೆ ತಿಳಿಹೇಳುವ ಹೊಣೆಯನ್ನು ಅವರಿಗೆ ವಹಿಸಿದವೇ ಹೊರತು ಸೂಜಿ ಹಿಡಿಯುವ ಅಧಿಕಾರ ಕೊಡಲಿಲ್ಲ. ಇಲ್ಲಿ ಡಿ.ಫಾರ್ಮ್ ಎರಡು ವರ್ಷದ ಡಿಪ್ಲೊಮಾ. ಅಮೆರಿಕದಲ್ಲಿ ಫಾರ್ಮಸಿಸ್ಟ್ ಆಗಲು ಪಿಯುಸಿಗೆ ಸಮನಾದ ಓದಿನ ಮೇಲೆ ಸಾಮಾನ್ಯವಾಗಿ ಆರು ವರ್ಷವಾದರೂ ಓದಬೇಕು. ಅಲ್ಲಿನ ನಿಯಮವನ್ನು ಹಾಗೇ ಎತ್ತಿ ಇಲ್ಲಿಡಬೇಕೆಂದು ನಾನು ಹೇಳಲಾರೆ.

ಬೇರೆ ದೇಶಗಳೂ ವಯಸ್ಸಿನ ಗೆರೆಯನ್ನು ಬೇರೆ ಬೇರೆ ಕಡೆ ಎಳೆದಿವೆ. ಕೆನಡಾದ ಒಂಟಾರಿಯೊ ಪ್ರಾಂತ್ಯ 2012ರಲ್ಲಿ 5 ವರ್ಷದಿಂದ ಶುರುಮಾಡಿ, ಬಳಿಕ ಫ್ಲೂ ಮಟ್ಟಿಗೆ 2 ವರ್ಷಕ್ಕೆ ಇಳಿಸಿತು. ಫ್ರಾನ್ಸ್ 2023ರಲ್ಲಿ 11 ದಾಟಿದವರಿಗೆ ಲಸಿಕೆ ಬರೆಯುವ, ಹಾಕುವ ಅಧಿಕಾರ ಕೊಟ್ಟಿತು. ಇಂಗ್ಲೆಂಡಿನಲ್ಲಿ 2025ರ ಅಕ್ಟೋಬರಿನಿಂದ 2–3 ವರ್ಷದ ಮಕ್ಕಳಿಗೆ ಫ್ಲೂ ಲಸಿಕೆ ಫಾರ್ಮಸಿಯಲ್ಲೂ ಸಿಗತೊಡಗಿತು. ಆಸ್ಟ್ರೇಲಿಯಾ 2024ರ ಜನವರಿಯಿಂದ, 5 ದಾಟಿದವರಿಗೆ ರಾಷ್ಟ್ರೀಯ ಕಾರ್ಯಕ್ರಮದ ಲಸಿಕೆ ಹಾಕಿದ ಫಾರ್ಮಸಿಗೆ ಸರ್ಕಾರವೇ ಶುಲ್ಕ ಕೊಡುವ ವ್ಯವಸ್ಥೆ ಮಾಡಿತು. ಈ ಕೊನೆಯದ್ದನ್ನು ನೆನಪಿಟ್ಟುಕೊಳ್ಳಿ, ದುಡ್ಡಿನ ಮಾತಿಗೆ ಮತ್ತೆ ಬರುತ್ತೇನೆ.

ಅಮೆರಿಕಕ್ಕೆ ಮರಳೋಣ. ರಾಜ್ಯಗಳ ಅಧಿಕಾರವಾದ ಪರವಾನಗಿಯ ವಿಷಯಕ್ಕೆ ಒಕ್ಕೂಟ ಸರ್ಕಾರ ಕೈಹಾಕಿದ್ದು ಹೇಗೆ? 2005ರ ಪ್ರೆಪ್ ಕಾಯ್ದೆಯ ಮೂಲಕ. ಸಾರ್ವಜನಿಕ ಆರೋಗ್ಯದ ತುರ್ತುಸ್ಥಿತಿಯಲ್ಲಿ ಔಷಧಿ, ಲಸಿಕೆ ಕೊಡುವವರನ್ನು ಮೊಕದ್ದಮೆಗಳಿಂದ ರಕ್ಷಿಸಲು ಮಾಡಿದ ಕಾಯ್ದೆ ಅದು. ಅದರಡಿ ಇಲಾಖೆ ಫಾರ್ಮಸಿಸ್ಟರನ್ನು ‘ಅರ್ಹ ವ್ಯಕ್ತಿ’ ಎಂದು ಹೆಸರಿಸಿದರೆ, ಅದಕ್ಕೆ ಅಡ್ಡಬರುವ ರಾಜ್ಯ ಕಾನೂನು ಆ ಮಟ್ಟಿಗೆ ಬದಿಗೆ ಸರಿಯುತ್ತದೆ ಎಂಬುದು ಇಲಾಖೆಯ ಕಾನೂನು ಸಲಹೆಗಾರರ ನಿಲುವು. ಮೊಕದ್ದಮೆಯ ಭಯ ತೆಗೆಯಲು ಹುಟ್ಟಿದ ಕಾಯ್ದೆ ಹೀಗೆ ವೃತ್ತಿಯ ಎಲ್ಲೆಯನ್ನೇ ಹಿಗ್ಗಿಸುವ ಕಾಯ್ದೆಯಾಯಿತು. 2020ರ ಅಕ್ಟೋಬರಿನಲ್ಲಿ ಫಾರ್ಮಸಿ ಟೆಕ್ನಿಷಿಯನ್ನರಿಗೂ, ಫಾರ್ಮಸಿಸ್ಟರ ಮೇಲ್ವಿಚಾರಣೆಯಲ್ಲಿ, ಸೂಜಿ ಹಾಕುವ ಅನುಮತಿ ಸಿಕ್ಕಿತು.

ಇದರ ಫಲ 2021ರ ನವೆಂಬರಿನಲ್ಲಿ ಕಂಡಿತು. 5ರಿಂದ 11 ವರ್ಷದವರಿಗೆ ಕೋವಿಡ್ ಲಸಿಕೆ ಬಂದಾಗ ಶಾಲೆ ಬಿಟ್ಟ ಮೇಲೆ, ಶನಿವಾರ ಭಾನುವಾರ, ಮನೆಯ ಹತ್ತಿರ ಸಿಕ್ಕಿದ್ದು ಫಾರ್ಮಸಿಗಳೇ. ಅದರ ಮಿತಿ 2022ರ ಬೇಸಿಗೆಯಲ್ಲಿ ಕಂಡಿತು. 6 ತಿಂಗಳು ದಾಟಿದ ಮಕ್ಕಳಿಗೂ ಲಸಿಕೆ ಒಪ್ಪಿಗೆಯಾದಾಗ 3ರ ಕೆಳಗಿನವರನ್ನು ಎತ್ತಿಕೊಂಡು ತಂದೆತಾಯಿಯರು ಕ್ಲಿನಿಕ್ಕಿನಿಂದ ಕ್ಲಿನಿಕ್ಕಿಗೆ ಅಲೆದರು. 2023ರ ಮೇ 11ಕ್ಕೆ ತುರ್ತುಸ್ಥಿತಿ ಮುಗಿಯಿತು, ಅದರೊಂದಿಗೆ ಮಕ್ಕಳ ನಿತ್ಯದ ಲಸಿಕೆಗಳಿಗೆ ಒಕ್ಕೂಟದ ಅನುಮತಿಯೂ ಮುಗಿಯಿತು. ಉಳಿದದ್ದು ಕೋವಿಡ್ ಮತ್ತು ಫ್ಲೂ ಲಸಿಕೆ ಮಾತ್ರ. ಅದನ್ನು ಮೊದಲು 2024ರ ಕೊನೆಯವರೆಗೆ, ಮತ್ತೆ 2029ರ ಡಿಸೆಂಬರ್ 31ರವರೆಗೆ ವಿಸ್ತರಿಸಿದರು. ದಡಾರದಂಥ ನಿತ್ಯದ ಲಸಿಕೆಗಳು ರಾಜ್ಯಗಳ ಕಾನೂನಿಗೆ ಮರಳಿದವು. ತಮ್ಮ ಕಾನೂನನ್ನು ಆ ನಡುವೆ ತಿದ್ದಿಕೊಂಡ ರಾಜ್ಯಗಳಲ್ಲಿ ಸೇವೆ ಮುಂದುವರಿಯಿತು; ತಿದ್ದದ ರಾಜ್ಯಗಳಲ್ಲಿ ಏಪ್ರಿಲ್‌ನಲ್ಲಿ ಲಸಿಕೆ ಹಾಕಿದ ಅದೇ ಫಾರ್ಮಸಿಸ್ಟ್ ಜೂನ್‌ನಲ್ಲಿ ಹಾಕುವಂತಿರಲಿಲ್ಲ. ಆತನ ತರಬೇತಿಯಲ್ಲಿ, ಕೈಚಳಕದಲ್ಲಿ ಏನೂ ಬದಲಾಗಿರಲಿಲ್ಲ.

2025ರಲ್ಲಿ ಇದಕ್ಕಿಂತ ಆಳದ ದೌರ್ಬಲ್ಯ ಬಯಲಾಯಿತು. ಹಲವು ರಾಜ್ಯಗಳ ಕಾನೂನು ಫಾರ್ಮಸಿಸ್ಟರಿಗೆ ಅಧಿಕಾರ ಕೊಡುವಾಗ, ಒಕ್ಕೂಟ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿಯ ಲಸಿಕಾ ಸಲಹಾ ಸಮಿತಿ ಶಿಫಾರಸು ಮಾಡಿದ ಲಸಿಕೆಗಳನ್ನು ಮಾತ್ರ ಹಾಕಬಹುದು ಎಂದು ಬರೆದಿದ್ದವು. ಒಕ್ಕೂಟದ ಆದೇಶವೂ ಅದೇ ಸಮಿತಿಯ ಮಾತಿಗೆ ಜೋತುಬಿದ್ದಿತ್ತು. ದಶಕಗಳ ಕಾಲ ಆ ಸಮಿತಿ ನಂಬಿಕಸ್ತವಾಗಿದ್ದಾಗ ಇದು ಜಾಣತನವೇ ಆಗಿತ್ತು; ಹೊಸ ಲಸಿಕೆ ಬಂದಾಗಲೆಲ್ಲ ಕಾನೂನು ತಿದ್ದುವ ಕೆಲಸ ಉಳಿಯುತ್ತಿತ್ತು. ಆದರೆ ದನ ಇರುವುದು ನಮ್ಮ ಕೊಟ್ಟಿಗೆಯಲ್ಲಿ, ಕಟ್ಟಿದ ಗೂಟ ಪಕ್ಕದವರ ಹಿತ್ತಲಲ್ಲಿ ಎಂಬಂತಾಗಿತ್ತು ಆ ವ್ಯವಸ್ಥೆ. 2025ರ ಜೂನ್ 9ರಂದು ಆರೋಗ್ಯ ಇಲಾಖೆಯ ಮುಖ್ಯಸ್ಥ ರಾಬರ್ಟ್ ಎಫ್. ಕೆನಡಿ ಜೂನಿಯರ್ ಆ ಸಮಿತಿಯ 17 ಸದಸ್ಯರನ್ನೂ ಒಟ್ಟಿಗೇ ತೆಗೆದುಹಾಕಿದರು. ಆಗಸ್ಟ್ ಕೊನೆಗೆ ಹೊಸ ಕೋವಿಡ್ ಲಸಿಕೆಗಳಿಗೆ ಮಂಜೂರಾತಿ ಬಂತು, ಸಮಿತಿಯ ಶಿಫಾರಸು ಆಗಿನ್ನೂ ಬಂದಿರಲಿಲ್ಲ. ಲಸಿಕೆ ಅಂಗಡಿಗೆ ಬರಬಹುದಾದರೂ, ಕೆಲವು ರಾಜ್ಯಗಳಲ್ಲಿ ವೈದ್ಯರ ಚೀಟಿಯಿಲ್ಲದೆ ಹಾಕುವಂತಿಲ್ಲ, ಕೆಲವೆಡೆ ಹಾಕುವಂತೆಯೇ ಇಲ್ಲ ಎಂದು ದೊಡ್ಡ ಫಾರ್ಮಸಿ ಸರಪಳಿಗಳು ಕೈಚೆಲ್ಲಿದವು.

ರಾಜ್ಯಗಳು ಆಗ ಎಚ್ಚೆತ್ತವು. ಪೆನ್ಸಿಲ್ವೇನಿಯಾದ ಫಾರ್ಮಸಿ ಮಂಡಳಿ ಸೆಪ್ಟೆಂಬರ್ 3ರಂದು ಸಭೆ ಸೇರಿ, ಮಕ್ಕಳ ವೈದ್ಯರ ಅಕಾಡೆಮಿ, ಕುಟುಂಬ ವೈದ್ಯರ ಅಕಾಡೆಮಿ, ಪ್ರಸೂತಿ ತಜ್ಞರ ಕಾಲೇಜುಗಳ ಶಿಫಾರಸನ್ನೂ ಅನುಸರಿಸಬಹುದು ಎಂದು ತೀರ್ಮಾನಿಸಿತು. 2020ರಲ್ಲಿ ಫಾರ್ಮಸಿಸ್ಟರ ಅಧಿಕಾರವನ್ನು ವಿರೋಧಿಸಿದ ಅಕಾಡೆಮಿಯ ಮಾತೇ 2025ರಲ್ಲಿ ಅವರ ಅಧಿಕಾರಕ್ಕೆ ಆಧಾರವಾಯಿತು. ಎರಡೂ ಕಡೆಯವರು ಮಗುವಿನ ಹಿತದ ಮಾತಾಡುತ್ತಿದ್ದರೆಂಬುದಕ್ಕೆ ಇದಕ್ಕಿಂತ ಸಾಕ್ಷಿ ನನಗೆ ಬೇಕಿಲ್ಲ. ನ್ಯೂಯಾರ್ಕಿನ ಗವರ್ನರ್ ಕ್ಯಾಥಿ ಹೋಕುಲ್ ಕೋವಿಡ್ ಲಸಿಕೆಗಾಗಿ ತುರ್ತು ಆದೇಶ ಹೊರಡಿಸಿದರು. ಕ್ಯಾಲಿಫೋರ್ನಿಯಾ ಸೆಪ್ಟೆಂಬರ್ 17ರಂದು ಸಹಿಯಾದ ಕಾನೂನಿನಲ್ಲಿ, 2025ರ ಜನವರಿ 1ರಂದು ಇದ್ದ ಸಿಡಿಸಿ ಸಮಿತಿಯ ಶಿಫಾರಸುಗಳನ್ನೇ ತಳಹದಿಯಾಗಿ ಹಿಡಿದು, ಮುಂದಿನ ಬದಲಾವಣೆಯನ್ನು ರಾಜ್ಯದ ಆರೋಗ್ಯ ಇಲಾಖೆಯ ಕೈಗೆ ಕೊಟ್ಟಿತು. ಇದು ಸರಿಯಾದ ದಾರಿ ಎಂದು ನಾನು ನಂಬುತ್ತೇನೆ. ಸೂಜಿ ಹಿಡಿಯುವವರಿಗೆ ಪರವಾನಗಿ ಕೊಡುವ ರಾಜ್ಯವೇ ಯಾವ ಲಸಿಕೆ ಎಂಬುದರ ಹೊಣೆಯನ್ನೂ ಹೊರಬೇಕು.

ಕಾನೂನು ಸರಿಹೋದರೆ ಎಲ್ಲವೂ ಸರಿಹೋಗದು. ಅಮೆರಿಕದ ಶೇ. 90ರಷ್ಟು ಜನ ಫಾರ್ಮಸಿಯೊಂದರ 5 ಮೈಲಿಯೊಳಗೆ ಇದ್ದಾರೆ ಎಂಬುದು ಅಧಿಕಾರ ಕೊಡುವವರ ಮುಖ್ಯ ವಾದ. ಆದರೆ ಅಂಗಡಿಗಳು ಒಂದೊಂದಾಗಿ ಮುಚ್ಚುತ್ತಿವೆ. 2023ರಲ್ಲಿ ದಿವಾಳಿಯಾದ ರೈಟ್ ಏಡ್ ಎಂಬ ಫಾರ್ಮಸಿ ಸರಪಳಿ ಎರಡೇ ವರ್ಷದಲ್ಲಿ ತನ್ನ ಎಲ್ಲ ಅಂಗಡಿಗಳನ್ನೂ ಮುಚ್ಚಿತು. ಉಳಿದ ಅಂಗಡಿಗಳಲ್ಲಿ ಕೆಲಸದ ಹೊರೆ ಹೇಗಿದೆಯೆಂದರೆ, 2023ರ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಹಲವೆಡೆ ಫಾರ್ಮಸಿಸ್ಟರು ಕೆಲಸ ಬಿಟ್ಟು ಹೊರನಡೆದರು. ಒಬ್ಬರೇ ಚೀಟಿ ನೋಡಿ ಔಷಧಿ ತೆಗೆಯಬೇಕು, ಫೋನ್ ಎತ್ತಬೇಕು, ನಡುವೆ ಸೂಜಿ ಹಾಕಬೇಕು. ಇಂಥ ಗಡಿಬಿಡಿಯಲ್ಲಿ ತಪ್ಪುಗಳೂ ಆಗುತ್ತವೆ. 2021ರ ಅಕ್ಟೋಬರಿನಲ್ಲಿ ಇಂಡಿಯಾನಾ ರಾಜ್ಯದ ಒಂದು ಫಾರ್ಮಸಿಗೆ ಫ್ಲೂ ಲಸಿಕೆಗೆಂದು ಹೋದ ಕುಟುಂಬಕ್ಕೆ, 4 ಮತ್ತು 5 ವರ್ಷದ ಮಕ್ಕಳಿಗೂ ಸೇರಿಸಿ, ದೊಡ್ಡವರ ಪ್ರಮಾಣದ ಕೋವಿಡ್ ಲಸಿಕೆ ಹಾಕಿಬಿಟ್ಟಿದ್ದರು. ಸೂಜಿ ಹಾಕುವ ಹೊತ್ತಿಗೆ ಇನ್ನೊಬ್ಬ ಫಾರ್ಮಸಿಸ್ಟ್ ಕೌಂಟರಿನಲ್ಲಿರಬೇಕು ಎಂಬ ನಿಯಮವಿಲ್ಲದೆ ವಯಸ್ಸಿನ ಮಿತಿಯನ್ನು ಮಾತ್ರ ಇಳಿಸುತ್ತ ಹೋಗುವುದು ಸರಿಯಲ್ಲ.

ಇನ್ನು ದುಡ್ಡಿನ ಮಾತು. 1989–91ರಲ್ಲಿ ಅಮೆರಿಕದಲ್ಲಿ ದಡಾರ ಹಬ್ಬಿ 55,000ದಷ್ಟು ಜನರಿಗೆ ತಗುಲಿ, 120ಕ್ಕೂ ಹೆಚ್ಚು ಜನ ಸತ್ತರು. ಲಸಿಕೆ ಕೊಳ್ಳಲಾಗದ ಬಡ ಮಕ್ಕಳೇ ಹೆಚ್ಚಾಗಿ ಅದಕ್ಕೆ ತುತ್ತಾದರು. ಅದರಿಂದ ಹುಟ್ಟಿದ್ದು 1994ರಲ್ಲಿ ಆರಂಭವಾದ ‘ವ್ಯಾಕ್ಸೀನ್ಸ್ ಫಾರ್ ಚಿಲ್ಡ್ರನ್’ ಕಾರ್ಯಕ್ರಮ. ಬಡವರ ಸರ್ಕಾರಿ ವಿಮೆಯಾದ ಮೆಡಿಕೇಡ್ ಇರುವ, ವಿಮೆ ಇಲ್ಲದ, ಮೂಲನಿವಾಸಿ ಸಮುದಾಯಗಳ ಮಕ್ಕಳಿಗೆ, ಅಂದರೆ ದೇಶದ ಸುಮಾರು ಅರ್ಧದಷ್ಟು ಮಕ್ಕಳಿಗೆ, ಸರ್ಕಾರ ಲಸಿಕೆಯನ್ನು ಉಚಿತವಾಗಿ ಕೊಡುತ್ತದೆ. ಆದರೆ ಕಾರ್ಯಕ್ರಮಕ್ಕೆ ನೋಂದಾಯಿಸಿಕೊಂಡವರಿಗೆ ಮಾತ್ರ ಆ ಲಸಿಕೆ ಸಿಗುತ್ತದೆ. ನೋಂದಾಯಿಸಿಕೊಂಡರೆ ಸರ್ಕಾರಿ ಲಸಿಕೆಯನ್ನು ಖಾಸಗಿ ದಾಸ್ತಾನಿನಿಂದ ಬೇರೆ ಇಟ್ಟು ಲೆಕ್ಕ ಇಡಬೇಕು, ಫ್ರಿಜ್ಜಿನ ತಾಪಮಾನವನ್ನು ಸದಾ ದಾಖಲಿಸುವ ಉಪಕರಣ ಬೇಕು, ತಪಾಸಣೆಗೆ ಬರುವವರನ್ನು ಎದುರಿಸಬೇಕು. ಪ್ರತಿಯಾಗಿ ಸಿಗುವುದು ಸೂಜಿ ಹಾಕಿದ್ದಕ್ಕೆ ಒಂದು ಸಣ್ಣ ಶುಲ್ಕ. ವಿಮೆಯಿಲ್ಲದವರು ಅದನ್ನೂ ಕೊಡಲಾರೆವು ಎಂದರೆ ಮಗುವನ್ನು ವಾಪಸ್ ಕಳಿಸುವಂತಿಲ್ಲ. ಅಷ್ಟು ಕೆಲಸಕ್ಕೆ ಅಷ್ಟೇ ಹಣವಾದ್ದರಿಂದ ಫಾರ್ಮಸಿಗಳು ಇದಕ್ಕೆ ಸೇರಿರುವುದು ತೀರ ವಿರಳ.

ಹಾಗಾಗಿ ಕಾನೂನು 3 ವರ್ಷದ ಮಗು ಎಂದರೂ, ಫಾರ್ಮಸಿಗೆ ಬಂದು ಲಸಿಕೆ ಪಡೆಯುವುದು ವಿಮೆ ಇರುವ ಮಗು. ಮಕ್ಕಳ ವೈದ್ಯರು ಸುಲಭಕ್ಕೆ ಸಿಗುವುದೂ ಅದೇ ಮಗುವಿಗೆ. ಶಿಶುವಿಹಾರಕ್ಕೆ ಸೇರುವ ಮಕ್ಕಳಲ್ಲಿ ದಡಾರದ ಎರಡೂ ಡೋಸ್ ಆಗಿರುವವರು 2019–20ರಲ್ಲಿ ಶೇ. 95.2 ಇದ್ದದ್ದು 2024–25ಕ್ಕೆ 92.5ಕ್ಕೆ ಇಳಿದಿದೆ. 2025ರಲ್ಲಿ ಟೆಕ್ಸಾಸಿನಲ್ಲಿ ದಡಾರ ಹಬ್ಬಿ ಇಬ್ಬರು ಮಕ್ಕಳು ಸತ್ತರು. ಅಲ್ಲಿ ಲಸಿಕೆ ಬೇಡವೆಂದವರೇ ಹೆಚ್ಚಿದ್ದರೆಂಬುದು ನಿಜ, ಅವರ ಮನಸ್ಸನ್ನು ಯಾವ ಫಾರ್ಮಸಿಯೂ ಬದಲಿಸಲಾರದು. ಆದರೆ ಬೇಕೆಂದೂ ಹಾಕಿಸಲಾಗದವರಿದ್ದಾರೆ: ಎರಡು ಪಾಳಿ ದುಡಿಯುವ ತಾಯಿ, ರಜೆ ಸಿಗದ ತಂದೆ, ಕ್ಲಿನಿಕ್ಕೇ ಇಲ್ಲದ ಊರು. ರಾತ್ರಿ ಎಂಟಕ್ಕೂ ತೆರೆದಿರುವ ಫಾರ್ಮಸಿ ಅವರಿಗೆ ನಿಜವಾಗಿ ಬೇಕು. ಶಾಸನಸಭೆಗಳು ಮುಂದೆ ಈ ಕಾನೂನನ್ನು ಕೈಗೆತ್ತಿಕೊಂಡಾಗ ವಯಸ್ಸನ್ನು 3ರಿಂದ 2ಕ್ಕೆ ಇಳಿಸಬೇಕೇ ಎಂಬ ಚರ್ಚೆಯನ್ನು ಆಮೇಲೆ ಮಾಡಲಿ. ಮೊದಲು ಮೆಡಿಕೇಡ್ ಶುಲ್ಕವನ್ನು ಏರಿಸಿ, ಆಸ್ಟ್ರೇಲಿಯಾದಂತೆ ಫಾರ್ಮಸಿಗೆ ಕೆಲಸದ ಹಣ ನೇರ ಕೊಟ್ಟು, ಉಚಿತ ಲಸಿಕೆಯನ್ನು ಆ ಕೌಂಟರಿಗೆ ತಲುಪಿಸಲಿ.